ಮಚ್ಚಾ ಎಂದವನಿಗೆ

ದೊಡ್ಡಬಳ್ಳಾಪುರ
೧೮-೫-೧೯೭೧

ಮಾಜಿ ಮಿತ್ರ, ಹಾಲಿ ಶತ್ರು ಗಂಗಣ್ಣನಿಗೆ,

ನಿನ್ನ ಕ್ಷೇಮ ವಿಚಾರಿಸುವ ಇಚ್ಛೆಯಿಲ್ಲ. ತಪ್ಪೊಪ್ಪಿಗೆಯೊಂದಿದೆ, ಕುಳಿತು ಓದು. ಮೊನ್ನೆ ಭಾನುವಾರ ಆವತಿಯ ನಿಮ್ಮ ಮನೆಯಲ್ಲಿ, ನಿನ್ನ ತಂಗಿ ಭಾಗ್ಯಮ್ಮನ ಒಪ್ಪುವೀಳ್ಯಕ್ಕೆ ಜೋಡಿಸಿಟ್ಟ ತಟ್ಟೆಯಿಂದ ಎಲೆಯಡಿಕೆಯನ್ನೆಲ್ಲ ಎತ್ತಿ, ಸುಣ್ಣ ಸವರಿ, ಜಗಿದು ನುಂಗಿದ ಪಾತಕಿ, ನೀನು ಶಂಕಿಸಿದಂತೆ, ನಾನೇ. ಎಲೆ ಬದಲಾಯಿಸದೆ ಸಂಬಂಧ ಗಟ್ಟಿಯಾಗದೆಂದು ಹೊಸಕೋಟೆಯ ಬೀಗರು ಬರಿಗೈಯಲ್ಲಿ ಕೂತರು. ನಿಮ್ಮಪ್ಪ ಬೇರೆ ಎಲೆ ತರಲು ದೇವನಹಳ್ಳಿಗೆ ಸೈಕಲ್ ಅಟ್ಟಿದರು. ಸಂಬಂಧವನ್ನೇ ಅಗಿದುಹಾಕಬಹುದು ಎಂದುಕೊಂಡಿದ್ದೆ. ನಾಲಿಗೆ ಕೆಂಪಾದದ್ದೊಂದೇ ಲಾಭ.

ಆಗ ನೀನು ಎಲ್ಲರೆದುರು ನನ್ನ ಕತ್ತಿನ ಪಟ್ಟಿ ಹಿಡಿದು, "ಲೇ ಮಚ್ಚಾ, ನೀನಾಗೇ ಎದ್ದೋಗ್ತೀಯೋ, ಎತ್ತಿ ಬಿಸಾಕ್ಲೋ?" ಎಂದೆ. ಬಾಯಲ್ಲಿ ಮಚ್ಚಾ, ಕಣ್ಣಲ್ಲಿ ಮಚ್ಚು!

ಆ ಪದದ ಅರ್ಥ ಗೊತ್ತೇನೋ ಅವಿವೇಕಿ? ಬೆಂಗಳೂರಿನ ಹಾಸ್ಟೆಲಿನಲ್ಲಿ ಚಿನ್ನದ ಗಣಿಯ ಕಡೆಯ ಹುಡುಗರಿಂದ ಇಬ್ಬರೂ ಕಲಿತೆವು; ನೀನು ಉಚ್ಚಾರಣೆ ಕಲಿತೆ, ನಾನು ಅರ್ಥ ಕೇಳಿದೆ. ತಮಿಳಿನ ಮಚ್ಚಾನ್ ಎಂದರೆ ಅಕ್ಕತಂಗಿಯರ ಗಂಡ, ಇಲ್ಲವೆ ಹೆಂಡತಿಯ ಒಡಹುಟ್ಟಿದವನು. ನಮ್ಮ ಮೈದುನನಿಗೆ ದೂರದ ದಾಯಾದಿ ಎನ್ನುತ್ತಿದ್ದರು ಕನ್ನಡದ ಮೇಷ್ಟ್ರು. ಹೆಣ್ಣು ಕೊಟ್ಟು ತರುವವರ ನಡುವೆ ಗೇಲಿಗೆ ತಡೆಯಿಲ್ಲ, ಹೆಗಲ ಮೇಲೆ ಕೈ, ಬಾಯಿಗೆ ಬಂದ ಬೈಗುಳ. ಆ ಸಲುಗೆ ಕಂಡಲ್ಲೆಲ್ಲ ಜನ ಆ ಪದ ಅಂಟಿಸಿದರು. ಹೀಗೆ ತಂಗಿಯನ್ನು ಮನೆಯಲ್ಲೇ ಬಿಟ್ಟು ಪದವೊಂದೇ ಬೀದಿಗೆ ಬಂದು ಗೆಳೆಯನಾಯಿತು.

ಕಾಲೇಜಿನುದ್ದಕ್ಕೂ ನನ್ನನ್ನು ಹಾಗೆ ಕರೆದವನು ಪದದ ಹುಟ್ಟನ್ನಾದರೂ ಗೌರವಿಸಬಾರದಿತ್ತೆ? ನಮ್ಮ ಮನೆಯವರು ಹೆಣ್ಣು ಕೇಳಲು ಬರಲಿಲ್ಲವೆಂಬ ನೆಪ ಬೇಡ. ನಿನ್ನಂಥವನಿರುವಾಗ ದಲ್ಲಾಳಿ ಬೇರೆ ಬೇಕೆ? ನಿಮ್ಮಪ್ಪನಿಗೆ ನೀನೇ ಹೇಳಬೇಕಿತ್ತು. ಭಾಗ್ಯಮ್ಮನ ಮನಸ್ಸು ನನಗೆ ಅಂಗೈ ಗೆರೆಯಷ್ಟು ಸ್ಪಷ್ಟ. ನಾನೊಂದು ಮಾತು ಕೇಳಿದ್ದರೆ ಸಾಕಿತ್ತು, ಆ ಹೊಸಕೋಟೆಯ ಗುಮಾಸ್ತ ಉಪ್ಪಿಟ್ಟೂ ಮುಟ್ಟದೆ ಬಸ್ಸು ಹತ್ತುತ್ತಿದ್ದ.

ಲಗ್ನಕ್ಕೆ ಇನ್ನೂ ಸಮಯವಿದೆ. ವೀಳ್ಯ ಹಿಂದಿರುಗಿಸು. ಇಲ್ಲವಾದರೆ ಇನ್ನು ಮುಂದೆ ಎದುರು ಸಿಕ್ಕಾಗ ನಿನ್ನನ್ನು "ಏನ್ರೀ, ಚೆನ್ನಾಗಿದ್ದೀರಾ?" ಎಂದು ಬಹುವಚನದಲ್ಲಿ ಮಾತಾಡಿಸುತ್ತೇನೆ. ಇದಕ್ಕಿಂತ ಕ್ರೂರವಾದ ಬೈಗುಳ ನನ್ನ ಬಳಿ ಇಲ್ಲ.

ಇಂತು, ನಿನಗೆ ಏನೂ ಆಗಬೇಕಿಲ್ಲದ,
ರಾಮಾಂಜಿನಪ್ಪ

ತಾ.ಕ.: ವೀಳ್ಯ ಹಿಂದಿರುಗಿಸಬೇಡ. ಒಂದು ಮಾತು ಕೇಳಿದ್ದರೆ ಎಂದೆನಲ್ಲ, ಕೇಳಿದ್ದೆ. ಯುಗಾದಿಯ ಮಾರನೆಯ ದಿನ, ನಿಮ್ಮ ಹಿತ್ತಲಲ್ಲಿ. ಭಾಗ್ಯಮ್ಮ ಹುಣಸೆಹಣ್ಣು ಕುಟ್ಟುತ್ತಿದ್ದಳು. ಕೈ ನಿಲ್ಲಿಸಿ, "ಅಯ್ಯೋ, ನೀವು ನಮ್ಮಣ್ಣ ಇದ್ದಂಗೆ ಕಣ್ರಣ್ಣಾ. ನನ್ ಮದ್ವೇಲಿ ಗಂಡಿನ ಕಾಲು ತೊಳೆಯೋವಾಗ ತಂಬಿಗೆ ನೀವೇ ಹಿಡ್ಕೋಬೇಕು" ಎಂದಳು.

ಹೂಂ ಎಂದುಬಿಟ್ಟೆ.