ಒಂಬತ್ತನೆಯ ಪ್ರಶ್ನೆಯ ಉತ್ತರ ನಿಮ್ಮ ಹಳೆಯ ಥೀಮಿನಲ್ಲಿ ಉಳಿದಿದೆ

ಮಾನ್ಯ ಜಾಲತಾಣ ಮೇಲ್ವಿಚಾರಣಾಧಿಕಾರಿಗಳೇ,

ಕಳೆದ ಆಗಸ್ಟ್ ಹದಿನೈದರ ಬೆಳಿಗ್ಗೆ ನಿಮ್ಮ ಕಚೇರಿಯು ಕರಾವಳಿ ಹಾಡುಗಳ ದಾಖಲಾತಿ ಜಾಲತಾಣದ ಥೀಮ್ ಬದಲಾಯಿಸಿತು. ಹಿಂದಿನ ದಿನ ಮಧ್ಯಾಹ್ನವಷ್ಟೇ ಅಲ್ಲಿ ನನ್ನ ಹೆಸರಿಗೆ ಬಂದಿದ್ದ ಒಂದು ಸಾಲಿನ ಉತ್ತರ ಆ ಬದಲಾವಣೆಯಲ್ಲಿ ಕಣ್ಮರೆಯಾಯಿತು. ನನ್ನ ದೂರು ಇಷ್ಟೇ. ಒಂದು ಸಾಲಿಗೆ ಬಹಿರಂಗ ಪತ್ರವೇ ಎಂದು ತಾವು ಹುಬ್ಬೇರಿಸಬಹುದು. ಲಕೋಟೆಯಲ್ಲಿ ಹಾಕಿ ಕಳಿಸಿದ ಮೂರು ಪತ್ರಗಳಿಗೆ ತಾವು ಉತ್ತರಿಸಲಿಲ್ಲ. ಆದ್ದರಿಂದ ನಾಲ್ಕನೆಯದನ್ನು ಊರ ಮುಂದೆ ಓದುತ್ತಿದ್ದೇನೆ.

ನಾನು ಕುಮಟಾದಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಟೈಪಿಸ್ಟ್. ಪಾಲುಪಟ್ಟಿ, ತಕರಾರು ಅರ್ಜಿ, ಗಡಿ ವ್ಯಾಜ್ಯ, ಎಲ್ಲದಕ್ಕೂ 'ಸವಿನಯ ಪ್ರಾರ್ಥನೆ' ಎಂಬ ತಲೆಬರಹ ಹಾಕಿ ಕೈ ಪಳಗಿದವಳು. ಒಬ್ಬಳೇ ಇದ್ದೇನೆ. ಅದು ದೂರಲ್ಲ, ವಿಳಾಸದ ಭಾಗ. ಯಾಣದ ದಾರಿಯಲ್ಲಿರುವ ನಮ್ಮ ಹಳ್ಳಿಯಲ್ಲಿ ನನ್ನ ಅವ್ವಿ ಭತ್ತದ ಸಸಿ ನೆಡುವ ನೆಟ್ಟಿಯ ಕಾಲಕ್ಕೆ ಹಾಡುತ್ತಿದ್ದಳು. ಅದರಲ್ಲೊಂದು ಸವಾಲ್-ಜವಾಬಿನ ಹಾಡು. ಗದ್ದೆಯ ಈಚೆ ಬದಿಯ ಹೆಂಗಸರು ಪ್ರಶ್ನೆ ಹಾಡಿದರೆ ಆಚೆ ಬದಿಯವರು ಉತ್ತರ ಹಾಡಬೇಕು. ಅವ್ವಿ ಯಾವಾಗಲೂ ಪ್ರಶ್ನೆಯ ಸಾಲಿನವಳು. ಬದುವಿನ ಮೇಲೆ ಕೂತಿರುತ್ತಿದ್ದ ನನಗೆ ಒಂಬತ್ತೂ ಪ್ರಶ್ನೆಗಳು ಬಾಯಿಪಾಠವಾದವು. ಆಚೆಯಿಂದ ಬರುತ್ತಿದ್ದ ಉತ್ತರದ ರಾಗ ಕಿವಿಗೆ ಬಿದ್ದರೂ ಮಾತು ಗಾಳಿಯಲ್ಲಿ ಹೋಗುತ್ತಿತ್ತು. ಅವ್ವಿ ಹಾಸಿಗೆ ಹಿಡಿದಾಗ ಕೇಳಿದ್ದೆ, ಉತ್ತರ ಎಂತದು ಎಂದು. "ಅದು ಆಚೆ ಸಾಲಿನವ್ರದ್ದು ಮಗಾ. ಅವ್ರೇ ಹೇಳ್ಬೇಕು" ಎಂದಳು. ಕೇಳೋಣವೆಂದರೆ ಆ ಹೊತ್ತಿಗೆ ಆಚೆ ಸಾಲು ಕರಗಿತ್ತು. ಕೆಲವರು ತೀರಿಕೊಂಡಿದ್ದರು, ಕೆಲವರು ಎತ್ತಲೋ ಹೋಗಿದ್ದರು, ಗದ್ದೆ ನೆಡುವವರಿಲ್ಲದೆ ಹಡಿಲು ಬಿದ್ದಿತ್ತು. ಅವ್ವಿ ಹೋಗಿ ಮೂವತ್ತೊಂದು ವರ್ಷ. ಅಷ್ಟೂ ವರ್ಷ ನಾನು ಅನ್ನಕ್ಕೆ ಎಸರಿಡುವಾಗ, ಬಟ್ಟೆ ಒಗೆಯುವಾಗ ಬರೀ ಪ್ರಶ್ನೆಗಳನ್ನೇ ಹಾಡಿಕೊಂಡಿದ್ದೇನೆ. ಪ್ರಶ್ನೆ ಹಾಡಿ, ಉತ್ತರದಷ್ಟು ಹೊತ್ತು ಸುಮ್ಮನಿದ್ದು, ಮುಂದಿನ ಪ್ರಶ್ನೆ ಹಾಡುವ ಅಭ್ಯಾಸ ತಮಗೆ ಇರಲಿಕ್ಕಿಲ್ಲ. ಇದ್ದಿದ್ದರೆ ಈ ಪತ್ರದ ಅಗತ್ಯ ಬೀಳುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ನಿಮ್ಮ ಕಚೇರಿ ಒಂದು ಒಳ್ಳೆಯ ಕೆಲಸ ಮಾಡಿತು. ಅದನ್ನು ಒಪ್ಪಿಕೊಳ್ಳದಿದ್ದರೆ ನಾನು ಕೃತಘ್ನಳಾಗುತ್ತೇನೆ. ಜಾಲತಾಣದಲ್ಲಿ ಹಾಡುಗಳ ತುಣುಕುಗಳನ್ನು ಹಾಕಿ, 'ಬಿಟ್ಟುಹೋದ ಸಾಲು ಗೊತ್ತಿದ್ದವರು ಕೆಳಗೆ ಬರೆಯಿರಿ, ನಾವು ಕಾಪಾಡುತ್ತೇವೆ' ಎಂದು ಪ್ರಕಟಿಸಿದಿರಿ. ನೆಟ್ಟಿ ಹಾಡಿನ ಪುಟದ ಕೆಳಗೆ ನಾನು ಮೊದಲ ಪ್ರಶ್ನೆ ಬರೆದೆ: "ಬದುವಿನ ಮೇಲೆ ನಿಂತ ಹೆಣ್ಣೇ, ನೀ ಯಾವ ಮನೆಯ ಸೊಸೆಯೇ?" ನಾಲ್ಕು ತಿಂಗಳು ಯಾರೂ ಮಾತಾಡಲಿಲ್ಲ. ಐದನೇ ತಿಂಗಳು, ಒಂದು ಮಂಗಳವಾರ, ಅದರ ಕೆಳಗೆ ಹೀಗೆ ಬಂದಿತ್ತು: "ಹೊಳೆಯ ಆಚೆ ಹೊಗೆ ಕಾಣ್ತದಲ್ಲ, ಆ ಒಲೆಯ ಸೊಸೆ ನಾನೇ. ಇಂತಿ ಹೊನ್ನಿ, ಹೆಬಳೆ ಬದಿ. ಬರ್ದದ್ದು ಕಮಲಿ."

ಕಚೇರಿಯಲ್ಲಿ ಕಕ್ಷಿದಾರರ ಮುಂದೆಯೇ ನಾನು ಅತ್ತುಬಿಟ್ಟೆ. ಏನಾಯಿತು ಎಂದು ವಕೀಲರು ಕೇಳಿದರು. "ಉತ್ತರ ಬಂತು" ಎಂದೆ. ಯಾವ ಕೇಸಿನದು ಎಂದು ಅವರು ಕಡತ ಹುಡುಕತೊಡಗಿದರು.

ಆಮೇಲೆ ಒಂದು ವರ್ಷ ನಾವಿಬ್ಬರೂ ನಿಮ್ಮ ಪುಟದ ಕೆಳಗೆ ಬದುಕಿದೆವು. ನಾನೊಂದು ಪ್ರಶ್ನೆ ಹಾಕುವುದು, ಅವರಿಗೆ ನೆನಪಾದ ದಿನ ಉತ್ತರ ಬರುವುದು. "ಆ ಒಲೆಗೆ ಕಟ್ಟಿಗೆ ತಂದವರ್ಯಾರೇ?" ಎಂಬುದಕ್ಕೆ, "ಕಟ್ಟಿಗೆ ತಂದವ ಕಡಲಿಗೆ ಹೋದ, ಹಸಿ ಸೊಪ್ಪು ಉರಿಸ್ತೆ ನಾನೇ." ನಡುನಡುವೆ ಮಾತೂ ಬರುತ್ತಿತ್ತು: ಮೊಣಕಾಲು ನೋವು, ಹರಿವೆ ಸೊಪ್ಪಿಗೆ ಹುಳ, ಕುಮಟಾದಲ್ಲೂ ಸೆಕೆಯಾ ಎಂಬ ವಿಚಾರಣೆ. ಒಮ್ಮೆ ನಾನು ನನ್ನ ಫೋನ್ ನಂಬರ್ ಬರೆದೆ. ಹತ್ತು ನಿಮಿಷದಲ್ಲಿ ಅದು ಹತ್ತು ನಕ್ಷತ್ರಗಳಾಗಿ ಮಾರ್ಪಟ್ಟಿತ್ತು. ವೈಯಕ್ತಿಕ ಮಾಹಿತಿ ನಿಷಿದ್ಧವಂತೆ. ಆಗ ಅಷ್ಟು ಎಚ್ಚರವಾಗಿದ್ದ ಕಣ್ಣುಗಳು ಆಗಸ್ಟ್ ಹದಿನೈದರಂದು ಯಾವ ಧ್ವಜವನ್ನು ನೋಡುತ್ತಿದ್ದವು?

ಕೊನೆಯ, ಒಂಬತ್ತನೆಯ ಪ್ರಶ್ನೆಯನ್ನು ಜೂನ್‌ನಲ್ಲಿ ಬರೆದೆ: "ಹಸಿ ಸೊಪ್ಪು ಉರಿಸುವ ಹೆಣ್ಣೇ, ನೀ ಕೂಗಿದರೆ ಓ ಎಂಬವರ್ಯಾರೇ?" ಹೊನ್ನಿ ಬರೆಸಿದರು, "ಇದೊಂದು ಬಾಯಿಗೆ ಬತ್ತಾ ಇಲ್ಲ. ನಿಲ್ಲು." ನಿಂತೆ. ಆಗಸ್ಟ್ ಹದಿನಾಲ್ಕರ ಮಧ್ಯಾಹ್ನ ನನ್ನ ಫೋನಿಗೆ ನಿಮ್ಮ ಜಾಲತಾಣದಿಂದ ಮಿಂಚಂಚೆ ಬಂತು. 'ಹೊನ್ನಿ ನಿಮಗೆ ಉತ್ತರಿಸಿದ್ದಾರೆ: ದುರ್ಗೀ, ತಡ ಆತು. ಕಡೇ ಸಾಲು ನೆನಪಾತು. ಬರ್ಕೋ... ಮುಂದೆ ಓದಲು ಇಲ್ಲಿ ಒತ್ತಿ.'

ನಾನು ಒತ್ತಲಿಲ್ಲ. ತಪ್ಪು ನನ್ನದೂ ಇದೆ, ಬರೆದುಕೊಳ್ಳಿ. ಎದುರಿಗೆ ಕ್ರಯಪತ್ರವೊಂದು ಅರ್ಧವಾಗಿತ್ತು, ಜನ ಕಾಯುತ್ತಿದ್ದರು. ಇಷ್ಟು ವರ್ಷ ಕಾದದ್ದನ್ನು ಗಡಿಬಿಡಿಯಲ್ಲಿ ಓದಬಾರದು, ನಾಳೆ ರಜೆ, ಮಿಂದು, ಚಾ ಕಾಸಿಕೊಂಡು, ಕೂತು ಓದಬೇಕು ಎಂದುಕೊಂಡೆ. ಮಾರನೇ ದಿನ ಹಾಗೆಯೇ ಮಾಡಿದೆ. ಒತ್ತಿದೆ. ಹಸಿರು ಗದ್ದೆಯಲ್ಲಿ ಚೂಪು ಬಿದಿರು ಟೋಪಿ ಹಾಕಿ ನಗುವ ಹೆಂಗಸರ ದೊಡ್ಡ ಚಿತ್ರ ತೆರೆದುಕೊಂಡಿತು. ಅಂಥ ಟೋಪಿಯನ್ನು ಭಟ್ಕಳದಿಂದ ಕುಮಟಾದವರೆಗೆ ಯಾರ ತಲೆಯ ಮೇಲೂ ನಾನು ಕಂಡಿಲ್ಲ. ಅದರ ಕೆಳಗೆ 'ನಮ್ಮ ಹೊಸ ರೂಪಕ್ಕೆ ಸ್ವಾಗತ'. ಹೊಸ ಅಕ್ಷರಗಳಲ್ಲಿ ಒತ್ತಕ್ಷರಗಳು ಒಡೆದು, ಹೊನ್ನಾವರ ಎಂಬುದು ಯಾವುದೋ ಪರದೇಶದ ಊರಿನಂತೆ ಕಾಣುತ್ತಿತ್ತು. ಹಾಡಿನ ಪುಟ ಇತ್ತು. ಅದರ ಕೆಳಗೆ ಏನೂ ಇರಲಿಲ್ಲ. ಹದಿನೆಂಟು ಸಾಲುಗಳಿದ್ದಲ್ಲಿ, ಮೊಣಕಾಲು ನೋವಿದ್ದಲ್ಲಿ, ಬಿಳಿ ಜಾಗ. ಚಾ ತಣ್ಣಗಾಯಿತು. ಯಾರನ್ನಾದರೂ ಕರೆದು ಹೇಳಬೇಕೆನಿಸಿತು; ಫೋನಿನಲ್ಲಿರುವ ಹೆಸರುಗಳನ್ನು ಮೇಲಿಂದ ಕೆಳಕ್ಕೆ ಸರಿಸಿದೆ. ಎಲ್ಲರೂ ಕಕ್ಷಿದಾರರು.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. "ಕಮೆಂಟ್ ಎಲ್ಲ ಹಳೇ ಥೀಮಿನಲ್ಲಿತ್ತು ಮೇಡಂ, ಹೊಸದರಲ್ಲಿ ಆ ಸೌಲಭ್ಯ ಇಲ್ಲ, ಅಭಿಪ್ರಾಯದ ಫಾರ್ಮ್ ತುಂಬಿ" ಎಂದರು. ತುಂಬಿದೆ. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂದು ಯಂತ್ರ ಉತ್ತರಿಸಿತು. ಪತ್ರ ಬರೆದೆ, ಮೂರು ಸಲ. ಒಂದು ದಿನ ರಜೆ ಹಾಕಿ ಜಿಲ್ಲಾ ಕೇಂದ್ರಕ್ಕೇ ಬಂದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಸಿಬ್ಬಂದಿಯೊಬ್ಬರು ಸೌಜನ್ಯದಿಂದಲೇ ಹೇಳಿದರು, ಸರ್ವರ್ ತುಂಬಿದೆ, ಹಳೆಯದನ್ನೆಲ್ಲ ಅಕ್ಟೋಬರ್ ಕೊನೆಗೆ ಅಳಿಸಲಾಗುವುದು ಎಂದು.

ಅಳಿಸಲಾಗುವುದು ಎಂದರೆ ಇನ್ನೂ ಅಳಿಸಿಲ್ಲ ಎಂದಲ್ಲವೇ? ಅರ್ಜಿ ಟೈಪ್ ಮಾಡಿದವಳಿಗೆ ಕ್ರಿಯಾಪದದ ಕಾಲ ಗೊತ್ತಾಗುತ್ತದೆ.

ಹಿಂದಿರುಗುವಾಗ ಕುಮಟಾದಲ್ಲಿ ಇಳಿಯದೆ, ಮುಂದೆ ಹೊನ್ನಾವರದವರೆಗೆ ಹೋಗಿ ಪವಿತ್ರಾಳ ಅಂಗಡಿ ಹೊಕ್ಕೆ. ಬಸ್ ನಿಲ್ದಾಣದ ಹತ್ತಿರ ಆನ್‌ಲೈನ್ ಅರ್ಜಿ ತುಂಬಿಕೊಡುವ, ಹೋಮ್‌ಸ್ಟೇಗಳಿಗೆ ಜಾಲತಾಣ ಮಾಡಿಕೊಡುವ ನಲವತ್ತರ ಹೆಂಗಸು ಅವಳು. ಎಲ್ಲ ಕೇಳಿ ನಕ್ಕಳು. "ಅಕ್ಕಾ, ಎಂತದೂ ಹೋಗ್ಲಿಲ್ಲ. ಥೀಮ್ ಅಂದ್ರೆ ಬರೀ ಮೇಲಿನ ಚಂದ. ನೀವು ಬರ್ದದ್ದು ಬೇರೆ ಕಡೆ ಭದ್ರ ಇರ್ತದೆ. ಹೊಸ ಥೀಮಿಗೆ ಅದನ್ನ ತೋರ್ಸೂಕೆ ಗೊತ್ತಿಲ್ಲ, ಅಷ್ಟೇ."

"ಹಾಗಾದ್ರೆ ಅವ್ರು ಎಂತ ಮಾಡ್ಬೇಕಿತ್ತು?"

"ಮೊದ್ಲು ಪೂರಾ ಸೈಟಿನ ಬ್ಯಾಕಪ್ ತೆಗೀಬೇಕು. ತೆಗ್ದದ್ದು ತೆರೀತದಾ ಅಂತ ನೋಡ್ಬೇಕು. ಮತ್ತೆ ಒಂದು ನಕಲು ಸೈಟ್ ಮಾಡಿ ಹೊಸ ಥೀಮನ್ನ ಅದ್ರ ಮೇಲೆ ಹಾಕಿ ನೋಡೂದು. ಜನ ನೋಡೂದ್ರ ಮೇಲೆ ಅಲ್ಲ. ಹಳೇ ಥೀಮ್ ಎಂತೆಲ್ಲ ಮಾಡ್ತಿತ್ತು, ಕಮೆಂಟು, ಹಾಡು ಕೇಳೂ ಗುಂಡಿ, ಕನ್ನಡ ಅಕ್ಷರ, ಎಲ್ಲ ಪಟ್ಟಿ ಮಾಡ್ಬೇಕು. ಒಂದೊಂದೇ ಪುಟ ಫೋನಲ್ಲಿ ತೆರ್ದು ನೋಡ್ಬೇಕು. ಎಲ್ಲ ಸರಿ ಇದ್ರೆ ಬದ್ಲಿಸು. ಬದ್ಲಿಸಿದ ಮೇಲೂ ಹಳೇದನ್ನ ಸ್ವಲ್ಪ ದಿನ ಇಟ್ಕೋ. ಮೂರು ಕೋಣೆಯ ಹೋಮ್‌ಸ್ಟೇ ಸೈಟಿಗೇ ನಾ ಇಷ್ಟು ಮಾಡ್ತೆ ಅಕ್ಕಾ." ಆಮೇಲೆ, "ಅವ್ರಿಗೆ ಹದಿನೈದಕ್ಕೆ ಉದ್ಘಾಟನೆ ಇತ್ತಲ್ಲ" ಎಂದಳು.

ನಿಮ್ಮನ್ನು ನೆಚ್ಚಿ ಕೂರುವುದಕ್ಕಿಂತ ಹೊನ್ನಿಯವರನ್ನೇ ಕೇಳಬಹುದಲ್ಲ ಎಂಬ ಬುದ್ಧಿ ನನಗೆ ತಡವಾಗಿ ಬಂತು. ಸೆಪ್ಟೆಂಬರ್‌ನ ಒಂದು ಭಾನುವಾರ ಭಟ್ಕಳಕ್ಕೆ ಹೋಗಿ, ಅಲ್ಲಿಂದ ಹೆಬಳೆಗೆ ರಿಕ್ಷಾ ಹಿಡಿದೆ. ರಸ್ತೆ ಬದಿಯ ಅಂಗಡಿಯಲ್ಲಿ ವಿಚಾರಿಸಿದರೆ, "ಯಾವ ಹೊನ್ನಿ? ಇಲ್ಲಿ ಮೂರು ಹೊನ್ನಿ ಉಂಟು" ಎಂದರು. ಹಾಡುವ ಹೊನ್ನಿ, ಕಮಲಿ ಎಂಬವಳ ಹತ್ತಿರ ಬರೆಸುವವರು ಎಂದೆ. ಅಂಗಡಿಯವರು ಆಶ್ಚರ್ಯಪಟ್ಟರು. "ಹಾಡೂದು ಗೊತ್ತಿಲ್ಲ. ಸೊಪ್ಪು ಮಾರೂ ಹೊನ್ನಿಯ ಪಕ್ಕದ ಮನೆಯದ್ದು ಕಮಲಿ. ಅದೇ ಇರ್ಬೇಕು."

ಅದೇ ಆಗಿತ್ತು. ಎಪ್ಪತ್ತೈದು ದಾಟಿದ ಸಣ್ಣ ಜೀವ. ಹೆಸರು ಹೇಳಿದೆ. ಕೈ ಹಿಡಿದು ಮುಖ ನೋಡಿ, "ನೀ ಇಷ್ಟು ಉದ್ದ ಇದ್ಯಾ!" ಎಂದರು. ಅವರ ಊರಿನಲ್ಲಿ ಪ್ರಶ್ನೆಯ ಸಾಲಿನವರು ಯಾರೂ ಉಳಿದಿಲ್ಲವಂತೆ. ಸೊಪ್ಪಿನ ಮಡಿಯಲ್ಲಿ ಬರೀ ಉತ್ತರ ಹಾಡಿಕೊಳ್ಳುತ್ತಿದ್ದರಂತೆ, ಯಾರೂ ಕೇಳದ ಪ್ರಶ್ನೆಗಳಿಗೆ.

ನಾನು ಒಂಬತ್ತನೆಯದನ್ನು ಕೇಳಿದೆ. ಹೊನ್ನಿ ಬಾಯಿ ತೆರೆದರು. ಮುಚ್ಚಿದರು. "ಇನ್ನೊಂದ್ಸಲ ಕೇಳು" ಎಂದರು. ಕೇಳಿದೆ. ಅವರ ಕಣ್ಣು ಅಂಗಳದಲ್ಲೆಲ್ಲ ಹುಡುಕಿತು.

"ಹೋತು" ಎಂದರು. "ಅವತ್ತು ಸೊಪ್ಪು ಕೊಯ್ಯೂವಾಗ ಒಮ್ಮೆಲೇ ಬಂತು. ಓಡಿ ಹೋಗಿ ಕಮಲಿ ಹತ್ರ ಬರೆಸ್ದೆ. ಸರ್ಕಾರದ ಪುಸ್ತಕಕ್ಕೆ ಹೋತಲ್ಲ, ಇನ್ನು ಅವ್ರು ಕಾಯ್ತಾರೆ, ನಾ ಎಂತಕ್ಕೆ ನೆನಪಿಡೂದು ಅಂದೆ. ಬಿಟ್ಬಿಟ್ಟೆ."

ಕಮಲಿ ಹತ್ತಿರದ ಜಾಲಿ ಎಂಬ ಊರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಅವಳನ್ನೂ ಕೇಳಿದೆ. ಸಂಕಟದಿಂದ ತಲೆ ಆಡಿಸಿದಳು. "ಗಡಿಬಿಡಿಲಿ ಹೊಡ್ದೆ ಅಕ್ಕಾ, ಕೆಲ್ಸಕ್ಕೆ ಹೊತ್ತಾಗಿತ್ತು. ಒಂದಕ್ಷರ ನೆನಪಿಲ್ಲ. ಅಲ್ಲಿ ಇರ್ತದೆ ಅಂದ್ಕಂಡೆ."

ಮಾನ್ಯರೇ, ಈ ಎರಡು ಮಾತುಗಳನ್ನು ತಾವು ನಿಧಾನವಾಗಿ ಓದಬೇಕು. 'ಅವ್ರು ಕಾಯ್ತಾರೆ.' 'ಅಲ್ಲಿ ಇರ್ತದೆ.' ತಾವು 'ಕಾಪಾಡುತ್ತೇವೆ' ಎಂದು ಬರೆಯದೇ ಹೋಗಿದ್ದರೆ ಆ ಅಜ್ಜಿ ತನ್ನ ಸಾಲನ್ನು ತಾನೇ ಕಾಪಾಡಿಕೊಳ್ಳುತ್ತಿದ್ದರು. ಓದುಬರಹವಿಲ್ಲದ ಹೆಂಗಸರು ಯಾವ ಸರ್ವರ್ ಇಲ್ಲದೆ ಇಷ್ಟು ತಲೆಮಾರು ಉಳಿಸಿದ್ದನ್ನು ತಮ್ಮ ಕಚೇರಿ ಒಂದು ಬೆಳಗಿನಲ್ಲಿ ಮರೆಮಾಡಿತು. ಅದೂ ದುರುದ್ದೇಶದಿಂದಲ್ಲ, ಚಂದ ಕಾಣಬೇಕೆಂಬ ಆಸೆಯಿಂದ. ದುರುದ್ದೇಶವಿದ್ದಿದ್ದರೆ ದಾವೆಯಾದರೂ ಹೂಡಬಹುದಿತ್ತು. ಅವಸರದ ವಿರುದ್ಧ ಯಾವ ಕಲಮಿನಡಿ ಅರ್ಜಿ ಹಾಕಲಿ?

ಆ ಮಧ್ಯಾಹ್ನ ನಾವು ಹಾಡಿದೆವು. ಇಪ್ಪತ್ತು ಮೂವತ್ತು ಹೆಂಗಸರ ಹಾಡನ್ನು ಇಬ್ಬರು, ಜಗಲಿಯ ಎರಡು ತುದಿಯಲ್ಲಿ ಕೂತು. ಎಂಟು ಪ್ರಶ್ನೆ, ಎಂಟು ಉತ್ತರ. ಒಂಬತ್ತನೆಯದನ್ನು ಕೇಳಲು ನನಗೆ ಮನಸ್ಸು ಬರಲಿಲ್ಲ. "ಕೇಳು, ಕೇಳದೆ ಬಿಡಬಾರ್ದು" ಎಂದು ಹೊನ್ನಿಯೇ ಒತ್ತಾಯಿಸಿದರು. ಕೇಳಿದೆ. ಇಬ್ಬರೂ ಉತ್ತರದಷ್ಟು ಹೊತ್ತು ಸುಮ್ಮನೆ ಕೂತೆವು. ಅಷ್ಟು ವರ್ಷ ಒಬ್ಬಳೇ ಸುಮ್ಮನಿದ್ದವಳಿಗೆ, ಇಬ್ಬರು ಸೇರಿ ಸುಮ್ಮನಿರುವುದು ಇನ್ನೂ ಕಷ್ಟವಾಗುತ್ತದೆಂದು ಅವತ್ತು ಗೊತ್ತಾಯಿತು.

ಆದ್ದರಿಂದ ನನ್ನ ಬೇಡಿಕೆ. ಅಕ್ಟೋಬರ್ ಕೊನೆಗೆ ಏನನ್ನೂ ಅಳಿಸಬೇಡಿ. ಈಗಲೇ ಪೂರ್ಣ ಬ್ಯಾಕಪ್ ತೆಗೆಸಿ, ಅದು ತೆರೆಯುತ್ತದೆಯೇ ಎಂದು ಯಾರಿಂದಾದರೂ ನೋಡಿಸಿ. ಜಾಲತಾಣದ ಒಂದು ನಕಲಿಗೆ ಹಳೆಯ ಥೀಮ್ ಹಾಕಿ ನೆಟ್ಟಿ ಹಾಡಿನ ಪುಟ ತೆರೆಯಿರಿ. ಅರ್ಧ ಗಂಟೆಯ ಕೆಲಸ ಎನ್ನುತ್ತಾಳೆ ಪವಿತ್ರಾ, ಅವಳು ಬಂದು ಮಾಡಿಕೊಡಲೂ ಸಿದ್ಧ. ಹೊಸ ಥೀಮಿನಲ್ಲಿ ಜನರ ಮಾತಿಗೆ ಮತ್ತೆ ಜಾಗ ಕೊಡಿ. ನಮ್ಮಂತೆ ಇನ್ನೆಷ್ಟು ಜನ ಯಾವ ಯಾವ ಹಾಡಿನ ಕೆಳಗೆ ಕಾಯುತ್ತಿದ್ದಾರೋ ತಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ಟೋಪಿಯ ಹೆಂಗಸರು ಬೇಕಾದರೆ ಇರಲಿ, ಅವರ ತಪ್ಪೇನೂ ಇಲ್ಲ.

ಸಾಲು ಸಿಕ್ಕಿದ ದಿನ ದಯವಿಟ್ಟು ಅದನ್ನು ನನಗೆ ಕಳಿಸಬೇಡಿ. ಕಮಲಿಯ ನಂಬರನ್ನು ಪ್ರತ್ಯೇಕವಾಗಿ ಕೊಟ್ಟಿದ್ದೇನೆ. ಅವಳಿಗೆ ಫೋನ್ ಮಾಡಿ ಹೊನ್ನಿಯವರಿಗೆ ಕೊಡಲು ಹೇಳಿ, ಅವರ ಕಿವಿಗೆ ಎರಡು ಸಲ ಓದಿ. ಅವರು ಮರಳಿ ಬಾಯಿಗೆ ತಂದುಕೊಳ್ಳಲಿ. ನಾನು ಮೊದಲ ಬಸ್ಸಿಗೆ ಹೊರಟು ಹೋಗಿ, ಜಗಲಿಯ ಈಚೆ ತುದಿಯಲ್ಲಿ ಕೂತು ಕೇಳುತ್ತೇನೆ.

ಇಂತಿ,
ದಿನಾ ಆ ಖಾಲಿ ಪುಟ ತೆರೆದು ನೋಡಿ, ತಮ್ಮ 'ಸಂದರ್ಶಕರ ಸಂಖ್ಯೆ'ಯನ್ನು ಒಬ್ಬಳೇ ಏರಿಸುತ್ತಿರುವ
ದುರ್ಗಿ ಗಣಪ ಗೌಡ
ಕುಮಟಾ