ರೋಬೋಟಿಗೆ ಇಟ್ಟ ಕುಂಕುಮ

ನಾವುಂದ
11-2-2018, ಭಾನುವಾರ

ಪ್ರೀತಿಯ ಅಣ್ಣಯ್ಯನಿಗೆ,

ನಿನ್ನ ಸೊಂಟನೋವು ಹೇಗಿದೆ? ದಿನವಿಡೀ ಬೋಟಿನ ಎಂಜಿನ್ ಮುಂದೆ ಬಗ್ಗಿರುವವನಿಗೆ ನೋವಿನ ಎಣ್ಣೆಯಿಂದ ಏನಾಗುತ್ತದೆ ಎಂದು ಅತ್ತಿಗೆ ನಗುತ್ತಾರೆ. ಆದರೂ ನಾಳೆ ಸಂಜೆ ರತ್ನಾಗಿರಿಗೆ ಹೊರಡುವ ಗೋಪಿಯ ಕೈಯಲ್ಲಿ ಒಂದು ಬಾಟಲಿ ಕೊಡುತ್ತೇನೆ, ಜೊತೆಗೆ ಈ ಪತ್ರ. ಫೋನಿನಲ್ಲಾದರೆ ನೀನು "ಆಯ್ತ್, ಆಯ್ತ್" ಎಂದು ಇಟ್ಟುಬಿಡುತ್ತೀ.

ನಮ್ಮ ಹೈಸ್ಕೂಲಿನಲ್ಲಿ ರೋಬೋಟಿನ ತರಗತಿ ಶುರುವಾಗಿದೆ. ವಿಜ್ಞಾನದ ಟೀಚರ್, ಇಂಗ್ಲಿಷ್ ಬರುತ್ತದೆ ಎಂದು ಅದು ನನ್ನ ತಲೆಗೆ ಬಂತು. ಪೆಟ್ಟಿಗೆಯ ಜೊತೆ ಬಂದ ಪುಸ್ತಕವನ್ನು ಎರಡು ಸಲ ಓದಿದೆ. ಓದಿದ್ದೆಲ್ಲ ಅರ್ಥವಾಯಿತು, ಸ್ಕ್ರೂಡ್ರೈವರ್ ಹಿಡಿಯಲು ಮಾತ್ರ ಭಯ. ಆ ಭಯವನ್ನು ಶಿಸ್ತು ಎಂದು ಹೆಸರಿಟ್ಟು, ಮಕ್ಕಳು ಯಾವುದನ್ನೂ ಮುಟ್ಟಬಾರದೆಂದು ಕಪಾಟಿಗೆ ಬೀಗ ಹಾಕಿದ್ದೆ. ಎಂಟನೆಯ ತರಗತಿಯ ಮೋಕ್ಷಿತಾ ಒಬ್ಬಳೇ ಬಿಡಲಿಲ್ಲ. ಮೀನು ಮಾರುವ ಬಾಗಿಯ ಮೊಮ್ಮಗಳು. ಉದ್ಘಾಟನೆಯ ಹಿಂದಿನ ದಿನ ಕಾಡಿ ಬೇಡಿ ಕೀಲಿ ಪಡೆದು, ರೋಬೋಟಿನ ಚಕ್ರ ಬಿಚ್ಚಿ ಮತ್ತೆ ಜೋಡಿಸಿದಳು. "ಗಾಲಿ ಬಿಗಿ ಇತ್ತ್ ಟೀಚರ್, ಈಗ ಕಾಣಿ" ಎಂದು ಓಡಿಸಿ ತೋರಿಸಿದಳು. ಅದು ಗೋಡೆಯ ಹತ್ತಿರ ಹೋಗಿ ತಾನೇ ನಿಂತಿತು.

ಮರುದಿನ ಶುಕ್ರವಾರ ತಾಲ್ಲೂಕಿನ ಅಧಿಕಾರಿಗಳು, ಪಂಚಾಯತಿನವರು, ಊರವರು ಎಲ್ಲ ಬಂದಿದ್ದರು. ಹೊಸ ಬೋಟು ನೀರಿಗಿಳಿಸುವಾಗ ಅಮ್ಮ ಅದರ ಮೂತಿಗೆ ಗಂಧ, ಕುಂಕುಮ ಹಚ್ಚುತ್ತಿದ್ದಳಲ್ಲ, ಹಾಗೆಯೇ ನಾನೂ ರೋಬೋಟಿನ ಮೂತಿಗೆ ದಪ್ಪಗೆ ಹಚ್ಚಿದೆ. ಗುಂಡಿ ಒತ್ತಿದರೆ ಅದು ಕದಲಲಿಲ್ಲ. ಹಿಂದಿನಿಂದ ಯಾರೋ "ಹ್ವಾಯ್, ಅದಕ್ಕೂ ಚಾ ಕೊಡಿ ಮಾರಾಯ್ರೆ" ಎಂದರು. ಎಲ್ಲರೂ ನಕ್ಕರು. ತಿರುಗಿ ಮೋಕ್ಷಿತಾಳಿಗೆ ಹೇಳಿದೆ: "ನೀನು ಕೈ ಹಾಕಿದ ಮೇಲೆ ಯಾವುದು ಉಳಿಯುತ್ತದೆ?" ಮೈಕು ನನ್ನ ಕೈಯಲ್ಲೇ ಇತ್ತು. "ನಾ ಹಾಳ್ ಮಾಡ್ಲಿಲ್ಲ ಟೀಚರ್" ಎಂದಳು ಅವಳು, ಅಷ್ಟೇ.

ಎಲ್ಲರೂ ಹೋದ ಮೇಲೆ ರೋಬೋಟನ್ನು ಪೆಟ್ಟಿಗೆಗೆ ಹಾಕುವ ಮುನ್ನ ಒದ್ದೆ ಬಟ್ಟೆಯಿಂದ ಒರೆಸಿದೆ. ಮೂತಿಯಲ್ಲಿ ಎರಡು ಗುಂಡಗಿನ ಕಣ್ಣುಗಳಿವೆ, ಎದುರಿಗೆ ಅಡ್ಡ ಏನಾದರೂ ಇದ್ದರೆ ಗೊತ್ತಾಗುವುದು ಅವುಗಳಿಂದ. ಎರಡರ ತುಂಬ ನನ್ನ ಗಂಧ ಮೆತ್ತಿಕೊಂಡಿತ್ತು. ಒರೆಸಿ ಗುಂಡಿ ಒತ್ತಿದೆ. ಖಾಲಿ ಕೋಣೆಯಲ್ಲಿ ಅದು ನೆಟ್ಟಗೆ ಓಡಿತು. ಪಾಪ, ಅಷ್ಟು ಹೊತ್ತೂ ತನ್ನೆದುರು ಗೋಡೆ ಇದೆ ಎಂದುಕೊಂಡು ನಿಂತಿತ್ತು.

ಶನಿವಾರ ಮೋಕ್ಷಿತಾ ಶಾಲೆಗೆ ಬರಲಿಲ್ಲ. ಮಧ್ಯಾಹ್ನ ಅವಳ ಮನೆಗೆ ಹೋದೆ. ಬಾಗಿ "ಕೂಕಣಿ ಟೀಚರ್" ಎಂದು ಮಣೆ ಕೊಟ್ಟು, "ನಾಳೆಯಿಂದ ನನ್ನೊಟ್ಟಿಗೆ ಮೀನಿಗೆ ಬತ್ತಳಂಬ್ರ್, ಶಾಲಿ ಬ್ಯಾಡಂಬ್ರ್" ಎಂದು ಮೊಮ್ಮಗಳ ಮಾತನ್ನು ಹೇಳಿದಳು. ತಪ್ಪು ನನ್ನದು ಎಂದೆ. ಒಳಗಿನಿಂದ ಮೋಕ್ಷಿತಾಳ ಉತ್ತರ ಬಂತು: "ಎಲ್ಲರೆದ್ರ್ ಬೈದ್ರಿ ಅಲ್ದಾ, ಎಲ್ಲರೆದ್ರೇ ಹೇಳಿ. ಹಾಂಗಾರೆ ಬತ್ತೆ." ಬಾಗಿ ಅವಳನ್ನು ಗದರಿಸಿದಳು. ಗದರಿಸಬೇಡಿ ಎಂದು ಹೇಳಿ ಎದ್ದುಬಂದೆ.

ನಾಳೆ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಮುನ್ನೂರು ಮಕ್ಕಳ ಮುಂದೆ ಹೇಳಬೇಕು. ಟೀಚರ್ ಆದವರು ಹಾಗೆ ಹೇಳಿದರೆ ಮಕ್ಕಳು ತಲೆಯ ಮೇಲೆ ಕೂರುತ್ತಾರೆ ಎಂದು ಹೆಡ್‌ಮಾಸ್ತರರ ಅಭಿಪ್ರಾಯ. ಇರಬಹುದು. ಆದರೆ ಹುಡುಗಿ ಕೇಳಿದ್ದರಲ್ಲಿ ಹೆಚ್ಚೇನಿದೆ ಎಂದು ಯೋಚಿಸುತ್ತೇನೆ, ಏನೂ ಸಿಗುವುದಿಲ್ಲ. ಹೆದರಿಕೆಯೂ ಹೋಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸಮುದ್ರ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ.

ನಿನ್ನ ತಂಗಿ,
ವಿನಯಾ

ಮತ್ತೆ: ಸೋಮವಾರ. ಗೋಪಿ ಹೊರಗೆ ನಿಂತು ಕೂಗುತ್ತಿದ್ದಾನೆ. ಹೇಳಿದೆ ಅಣ್ಣಯ್ಯ, ಮೈಕು ಹಿಡಿದೇ ಹೇಳಿದೆ. ಮೋಕ್ಷಿತಾ ಗೇಟಿನ ಆಚೆ ನಿಂತು ಪೂರ್ತಿ ಕೇಳಿಸಿಕೊಂಡಳು, ಆಮೇಲೆ ಒಳಗೆ ಬಂದಳು. ಕಪಾಟಿನ ಕೀಲಿ ಈಗ ಅವಳ ಹತ್ತಿರ. ಹೇಳುವಾಗ ನಿನ್ನದೇ ನೆನಪು. ಒಂಬತ್ತನೆಯಲ್ಲಿ ಶಾಲೆಯ ಆಂಪ್ಲಿಫೈಯರ್ ಬಿಚ್ಚಿದೆಯೆಂದು ಮಾಸ್ತರರು ನಿನಗೆ ಎಲ್ಲರೆದುರು ಬೈದರು. ನೀನು ಮತ್ತೆ ಶಾಲೆಯ ಮೆಟ್ಟಿಲು ಹತ್ತದೆ ಬೋಟು ಹತ್ತಿದೆ. ಕುಂದಾಪುರದ ಇಂಗ್ಲಿಷ್ ಶಾಲೆಗೆ ಟೈ ಕಟ್ಟಿಕೊಂಡು ಹೋಗುತ್ತಿದ್ದ ನಾನೂ ನೀನೇ ಹಾಳು ಮಾಡಿದ್ದೆಂದು ನಂಬಿದ್ದೆ. ಮೂವತ್ತೈದು ವರ್ಷ ನಿನ್ನನ್ನು ಒಂದು ಮಾತು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ, ಅವತ್ತು ಏನಾಗಿತ್ತು? ಜೂನ್‌ನಲ್ಲಿ ಮಳೆಗೆ ಮೀನುಗಾರಿಕೆ ನಿಂತು ಬೋಟು ದಡಕ್ಕೆ ಬಂದಾಗ ಹೇಳು. ನಮ್ಮ ಶಾಲೆಯಲ್ಲೇ ಬಂದು ಹೇಳು. ಎಂಜಿನ್ ಬಿಚ್ಚಿ ಜೋಡಿಸಲು ಕಲಿಸುವವರು ಬೇಕೆಂದು ಮೋಕ್ಷಿತಾ ಹಟ ಹಿಡಿದಿದ್ದಾಳೆ. ನಾನು ನಿನ್ನ ಹೆಸರು ಹೇಳಿಬಿಟ್ಟಿದ್ದೇನೆ.