ತೇಲುವ ಬಿಸ್ಕತ್ತಿಗೆ ಯಾವ ಕೋಲು?

ಪ್ರೀತಿಯ ಡೆಸ್ಮಂಡ್ ಅಣ್ಣ,

ನೀನು ಹಡಗಿನ ಕೆಲಸಕ್ಕೆ ಹೋಗುವಾಗ ಶೆಡ್ಡಿನಲ್ಲಿ ಬಿಟ್ಟ ಗಾಳದ ಕೋಲುಗಳಲ್ಲಿ, ನೀರಿನ ಮೇಲ್ಮೈಗೆ ಬರುವ ಕಾರ್ಪ್ ಮೀನು ಹಿಡಿಯಲು ಯಾವುದು ಒಳ್ಳೆಯದು? ಮೊನ್ನೆ ನಾನು ನಿನ್ನ ನಾಯಿ ಟೆಸ್ಸಿಯ ಬಿಸ್ಕತ್ತನ್ನು ಕೆರೆಗೆ ಎಸೆದೆ. ತೇಲಿತು! ದಪ್ಪ ತುಟಿಯ ಮೀನುಗಳು ಮೇಲೆದ್ದು ಚಪ್ಪರಿಸಿದವು.

ಮರುದಿನ ನಾನು ಒಯ್ದ ಗಟ್ಟಿ ಕೋಲನ್ನು ನೋಡಿ ಕೆರೆಯ ಕಾವಲುಗಾರ ವಿಲ್ಫ್ರೆಡ್ ಗದರಿದ: "ಏನಮ್ಮಾ, ದಡದ ಹತ್ರದ ಮೀನಿಗೆ ಇದಾ? ಎಳೆದ್ರೆ ಬಾಯಿ ಹರಿಯತ್ತೆ. ಚೆನ್ನಾಗಿ ಬಾಗೋದು ತಗೊಂಬಾ. ಹಿಡಿದ್ಮೇಲೆ ವಾಪಸ್ ಬಿಡ್ಬೇಕು, ಗೊತ್ತಾಯ್ತಾ?"

ಶೆಡ್ಡಿನಲ್ಲಿರುವ ಹಸಿರು ಕೋಲು ಬಾಗುತ್ತದೆಯೇ? ತುದಿ ಮಾತ್ರವೋ, ಬುಡದವರೆಗೋ?

ಬಿಸ್ಕತ್ತು ಇನ್ನೂ ಅರ್ಧ ಚೀಲವಿದೆ. ಟೆಸ್ಸಿಯನ್ನು ನಿನ್ನ ಹಳೆಯ ಸ್ವೆಟರಿನಲ್ಲೇ ಸುತ್ತಿ, ಸೇಬಿನ ಮರದ ಕೆಳಗೆ ಮಣ್ಣು ಮಾಡಿದೆ.

ಕೋಲಿನ ವಿಷಯ ಮರೆಯದೆ ಬರೆ.

ನಿನ್ನ ತಂಗಿ,
ಹಿಲರಿ